ಮಗಳ ಮುಖ ತಿದ್ದಿದ ತಮ್ಮಯ್ಯ

ಅರಕಲಗೂಡಿನ ಬಸ್ ನಿಲ್ದಾಣದ ಎದುರಿಗೆ, ಮಹಡಿಯ ಮೇಲೆ ತಮ್ಮಯ್ಯನ ಫೋಟೋ ಸ್ಟುಡಿಯೋ. ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿದವನು, ಹೊಲದ ಕೆಲಸ ಮೈಗೆ ಹತ್ತಲಿಲ್ಲವೆಂದು ತೊಂಬತ್ತೊಂದರಲ್ಲಿ ಕ್ಯಾಮೆರಾ ಹಿಡಿದ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಲ್ಲವನ್ನೂ ತೆಗೆಯುತ್ತಿದ್ದ. ಆದರೆ ಅವನಿಗೆ ಹೆಸರು ಬಂದದ್ದು ಗಂಡಿನ ಮನೆಗೆ ಕಳಿಸುವ ಹುಡುಗಿ ಫೋಟೋಗಳಿಂದ. "ತಮ್ಮಯ್ಯನ ತಾವ ತೆಗ್ಸುದ್ರೆ ಗಂಡು ಗ್ಯಾರಂಟಿ" ಎನ್ನುವ ಮಾತೇ ಇತ್ತು. ಮಾಯಮಂತ್ರವೇನೂ ಇಲ್ಲ. ಮೊದಮೊದಲು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದ. ಕಂಪ್ಯೂಟರ್ ಬಂದ ಮೇಲೆ ಮೂರು ತಿಂಗಳು ಹಾಸನಕ್ಕೆ ಓಡಾಡಿ ಫೋಟೋಶಾಪ್ ಕಲಿತ. ಹುಡುಗಿಯ ತಾಯಿ ಹತ್ತಿರ ಬಂದು "ಒಸಿ ಬೆಳ್ಳಗ್ ಮಾಡಿ ಸಾ" ಎಂದು ಪಿಸುಗುಡುವ ಹೊತ್ತಿಗೆ ಅವನು ಆಗಲೇ ಮಾಡಿ ಮುಗಿಸಿರುತ್ತಿದ್ದ.

ಎರಡು ಸಾವಿರದ ಏಳರಲ್ಲಿ ಮಗಳು ವರ್ಷಾ ಎಸ್ಸೆಸ್ಸೆಲ್ಸಿ ಪಾಸಾದಳು. ಇರುವುದೊಬ್ಬಳೇ ಮಗಳು. ಬಣ್ಣ ಕಪ್ಪು, ಅಪ್ಪನದೇ ಬಣ್ಣ. ಹೊಸ ಚೂಡಿದಾರ ಹಾಕಿಸಿ, ಒಳ್ಳೆಯ ಪರದೆ ಇಳಿಬಿಟ್ಟು ಫೋಟೋ ತೆಗೆದ. ಆಮೇಲೆ ಕಂಪ್ಯೂಟರ್ ಮುಂದೆ ಕೂತ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ತಮ್ಮಯ್ಯನಿಗಂತೂ ಮಗಳು ಇದ್ದ ಹಾಗೇ ಮುದ್ದು. ಆದರೆ ಹದಿನಾರು ವರ್ಷ ಪಳಗಿದ ಕೈ ಕೇಳಬೇಕಲ್ಲ! ಗಂಡಿನ ಮನೆಗೆ ಕಳಿಸುವ ಫೋಟೋಗೆ ಏನೇನು ಮಾಡುತ್ತಿದ್ದನೋ ಅದನ್ನೆಲ್ಲ, ಬಣ್ಣ, ಮೂಗು, ಕೆನ್ನೆ ಎನ್ನದೆ, ಇದಕ್ಕೂ ಮಾಡಿಬಿಟ್ಟ.

"ಅಯ್ ಶಿವ್ನೆ, ಯಾರ ಮನೆ ಮಗಳ್ರೀ ಇದು!" ಎಂದು ಹೆಂಡತಿ ಮಲ್ಲಿಗಮ್ಮ ನಕ್ಕಳು. ವರ್ಷಾ ನಗಲಿಲ್ಲ. ಫೋಟೋವನ್ನೂ ಗೋಡೆಯ ಕನ್ನಡಿಯನ್ನೂ ಒಂದಾದ ಮೇಲೊಂದು ನೋಡಿದಳು. "ಇದುನ್ನ ಸೀಡಿಗೆ ಹಾಕ್ಕೊಡಪ್ಪ" ಎಂದಳು.

ಆಗ ಫೇಸ್‌ಬುಕ್ಕಿಗೂ ಮುಂಚಿನ ಆರ್ಕುಟ್ ಕಾಲ. ಕಾಲೇಜು ಬಿಟ್ಟರೆ ಸಾಕು, ಮಕ್ಕಳೆಲ್ಲ ಸೈಬರ್ ಸೆಂಟರಿನಲ್ಲಿ. ವರ್ಷಾ ಆರ್ಕುಟ್ಟಿನಲ್ಲಿ ಆ ಫೋಟೋ ಹಾಕಿದಳು. ಕ್ಯೂಟ್, ಸೂಪರ್, ಏನು ಕಲರ್ ಕಣೇ ಎಂದು ಗುರುತಿಲ್ಲದವರೆಲ್ಲ ಬರೆದರು. ಅವರಲ್ಲೊಬ್ಬಳು ಚನ್ನರಾಯಪಟ್ಟಣದ ಮೇಷ್ಟರ ಮಗಳು ಇಂಚರ. ಇಬ್ಬರಿಗೂ ಥ್ರೋಬಾಲ್ ಹುಚ್ಚು. ಎಂಟು ತಿಂಗಳಲ್ಲಿ ಒಬ್ಬರನ್ನೊಬ್ಬರು ನೋಡದೆಯೇ ಜೀವದ ಗೆಳತಿಯರಾದರು. ಹೊಸ ಫೋಟೋ ಬೇಕೆಂದು ವರ್ಷಾ ಆಗಾಗ ಸ್ಟುಡಿಯೋಗೆ ಬರುತ್ತಿದ್ದಳು. ಹಳೆಯದಕ್ಕೆ ಹೊಂದಬೇಕಲ್ಲ, ತಮ್ಮಯ್ಯ ಅದನ್ನೂ ಬೆಳ್ಳಗೆ ಮಾಡಿಕೊಡುತ್ತಿದ್ದ. ಅದು ಅವನಿಗೆ ಮಾಮೂಲು ಕೆಲಸ.

ಬರಬರುತ್ತಾ ಹುಡುಗಿ ಕೊಡೆ ಇಲ್ಲದೆ ಹೊಸಿಲು ದಾಟದಂತಾದಳು. ಬಿಸಿಲೆಂದು ಪ್ರಾಕ್ಟೀಸ್ ಬಿಟ್ಟಳು. ಹಾಸನದಲ್ಲಿ ಜಿಲ್ಲಾ ಮಟ್ಟದ ಪಂದ್ಯಕ್ಕೆ ತಾಲ್ಲೂಕು ತಂಡದಲ್ಲಿ ಹೆಸರು ಬಂದರೂ "ನಾನು ಓಗಲ್ಲ" ಎಂದು ಮುಸುಕು ಹಾಕಿ ಮಲಗಿದಳು. ಪಿ.ಟಿ. ಮೇಷ್ಟರು ಪಂಚಾಕ್ಷರಯ್ಯ ಸ್ಟುಡಿಯೋಗೇ ಬಂದು, "ನಿನ್ನ ಮಗಳಿಲ್ದೆ ಟೀಮೇ ಇಲ್ಲ ಕಣಯ್ಯ" ಎಂದು ಹೇಳಿ ಹೋದರು.

ಕಾರಣ ಬಿಡಿಸಿ ಹೇಳಿದವಳು ಮಲ್ಲಿಗಮ್ಮ. "ಚನ್ರಾಯಪಟ್ಟಣದ ಆ ಹುಡುಗಿನೂ ಆಡಕ್ ಬತ್ತಾಳಂತೆ. ಅವಳು ನೋಡಿರೋದು ನೀವು ಮಾಡಿರೋ ಫೋಟೋವ. ಈ ಮುಖ ಎಂಗ್ ತೋರ್ಸಲಿ ಅಂತ ಅಳ್ತಾ ಕೂತವಳೆ."

ತಮ್ಮಯ್ಯ ನಕ್ಕುಬಿಟ್ಟ. "ಅಷ್ಟೇಯಾ? ನಾನ್ ಬೆಳ್ಳಗ್ ಮಾಡ್ದೋರೆಲ್ಲ ಗಂಡನ್ ಮನೇಲಿ ಮಕ್ಳುಮರಿ ಮಾಡ್ಕಂಡು ಸುಖವಾಗವ್ರೆ! ನಾನೂ ಬತ್ತೀನಿ, ನಡಿಯವ್ವ" ಎಂದು ಮಗಳನ್ನು ಪುಸಲಾಯಿಸಿ, ಗದರಿ, ಅಂತೂ ಬಸ್ಸು ಹತ್ತಿಸಿದ.

ಹಾಸನದ ಮೈದಾನದ ಅಂಚಿನಲ್ಲಿ ಒಂದು ಬೇವಿನ ಮರ. ಪಂದ್ಯಕ್ಕೆ ಇನ್ನೂ ಹೊತ್ತಿತ್ತು. ಅಪ್ಪ ಮಗಳು ನೆರಳಲ್ಲಿ ಕೂತಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು ಅವರ ಬಳಿ ಓಡಿಬಂದಳು. ಕೈಯಲ್ಲಿ ಒಂದು ಪೊಟ್ಟಣ. ವರ್ಷಾಳ ಅಂಗಿಯ ಮೇಲಿನ ಊರಿನ ಹೆಸರು ಓದಿ ಮುಖ ಅರಳಿಸಿದಳು.

"ನೀವು ಅರಕಲಗೂಡು ಟೀಮಾ? ನಾನು ಚನ್ನರಾಯಪಟ್ಟಣದ ಇಂಚರ. ನಿಮ್ಮಲ್ಲಿ ವರ್ಷಾ ಅಂತ ಇದಾಳಲ್ಲ, ಬೆಳ್ಳಗೆ, ಎತ್ತರಕ್ಕೆ, ಎಲ್ಲಿದಾಳೆ?"

ತಮ್ಮಯ್ಯ ಮಗಳತ್ತ ತಿರುಗಿದ. ವರ್ಷಾ ತಲೆ ಎತ್ತದೆ ಹೇಳಿದಳು: "ಅವಳು ಬಂದಿಲ್ಲ."

"ಅಯ್ಯೋ, ಬರ್ತೀನಿ ಅಂದಿದ್ಲಲ್ಲ!" ಹುಡುಗಿಗೆ ಅಳುವೇ ಬಂದಂತಾಯಿತು. "ಬಳೆ ತಂದಿದ್ದೆ. ಅಂಕಲ್, ಅವಳಿಗೆ ತಲುಪಿಸ್ತೀರಾ?"

ಪೊಟ್ಟಣ ತಮ್ಮಯ್ಯನ ಅಂಗೈಗೆ ಬಂತು. ಹೆತ್ತ ಮಗಳು ಅಪ್ಪನೆದುರಿಗೇ ತಾನು ಇಲ್ಲ ಅಂದುಬಿಟ್ಟಳಲ್ಲಪ್ಪ!

"ಇವಳೇ ಕಣವ್ವ ವರ್ಷಾ" ಎಂದ. "ಫೋಟೋದಲ್ಲಿರೋ ಬಣ್ಣ ನಾನು ಕಂಪ್ಯೂಟ್ರಲ್ಲಿ ಬಳ್ದಿದ್ದು. ತಪ್ಪು ನಂದು."

ಇಂಚರ ಬೆಪ್ಪಾಗಿ ನಿಂತಳು. "ನೀನೇನಾ?" ಎಂದಳು. ವರ್ಷಾ ಕೊಡೆಯನ್ನು ಮಡಿಲಿಗೆ ಎಳೆದುಕೊಂಡಳು. ಅಷ್ಟರಲ್ಲಿ ಚನ್ನರಾಯಪಟ್ಟಣದ ತಂಡದವರು ಕೂಗಿದರು. ಇಂಚರ ಎರಡು ಸಲ ಹಿಂತಿರುಗಿ ನೋಡುತ್ತಾ ಹೊರಟುಹೋದಳು.

"ಯಾಕಪ್ಪ ಹೇಳ್ದೆ?"

"ಇನ್ನೇನ್ ಮಾಡ್ಲವ್ವ? ಆ ಕಂಪ್ಯೂಟ್ರು, ಆ ಹಾಳು ಆರ್ಕುಟ್ಟು ನಿನ್ ತಲೆ ಕೆಡ್ಸ್‌ಬುಟ್ಟವೆ. ಕಂಡೋರ್ ಮಾತ್ ಕಟ್ಕಂಡು ನೀನ್ ಚೆನ್ನಾಗಿಲ್ಲ ಅನ್ಕಂಡಿದ್ದೀಯ."

ವರ್ಷಾ ಕಣ್ಣೊರೆಸಿಕೊಂಡು ಎದ್ದಳು. ಸಿಟ್ಟಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಅಲ್ಲಿ ಯಾರೂ ನನ್ನ ಚೆನ್ನಾಗಿಲ್ಲ ಅನ್ನಲಿಲ್ಲ ಕಣಪ್ಪ. ಪಾಸಾದಾಗ ಸುಮ್ನೆ ಒಂದು ಫೋಟೋ ತೆಗಿ ಅಂದಿದ್ದೆ. ಬೆಳ್ಳಗ್ ಮಾಡು ಅಂತ ಕೇಳಿದ್ನಾ? ನೀನೇ ಮಾಡ್ಕೊಟ್ಟೆ. ನಾನು ಚೆನ್ನಾಗಿಲ್ಲ ಅಂತ ಅವತ್ತೇ ನಂಗೆ ಗೊತ್ತಾಗಿದ್ದು."

ಪಂಚಾಕ್ಷರಯ್ಯನವರ ಸೀಟಿ ಕೇಳಿಸಿತು. ಅವಳು ಕೊಡೆಯನ್ನು ಅಲ್ಲೇ ಬಿಟ್ಟು ಬಿಸಿಲಿಗೆ ಇಳಿದಳು. ಬಳೆಯ ಪೊಟ್ಟಣ ಇನ್ನೂ ತಮ್ಮಯ್ಯನ ಕೈಯಲ್ಲೇ ಇತ್ತು. ಪಂದ್ಯ ಶುರುವಾದರೂ ಅವನು ಮರದಡಿಯಿಂದ ಏಳಲಿಲ್ಲ.