ಗಂಡನ ಹೆಸರಿನ ಕಾಲಂ

ಹೋದ ತಿಂಗಳು ನಮ್ಮ ಹೆರಿಗೆ ಆಸ್ಪತ್ರೆಗೆ ತೋರಿಸಿಕೊಳ್ಳಲು ಎಷ್ಟು ಜನ ಬಸುರಿಯರು ಬಂದಿದ್ದರು ಗೊತ್ತೇ? ಇಬ್ಬರು. ಅದರಲ್ಲಿ ಒಬ್ಬರು, ಹೆರಿಗೆ ರಜೆಯ ಮೇಲಿರುವ ನಮ್ಮ ನರ್ಸಮ್ಮನೇ!

ನಾನು ಅಲ್ಲಿಯ ಗುಮಾಸ್ತ. (ಚನ್ನರಾಯಪಟ್ಟಣದ ಕಡೆಯ ಊರು, ಅಷ್ಟು ಸಾಕು. ಸೋಮವಾರ ಮತ್ತೆ ಕೆಲಸಕ್ಕೆ ಹೋಗಬೇಕು.) ನರ್ಸಮ್ಮ ರಜೆ ಹಾಕಿದ ಮೇಲೆ ಹೆಸರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಗಾಳಿ ಬರಲೆಂದು ಮೇಜನ್ನು ಬಾಗಿಲಿಗೇ ಎಳೆದುಕೊಂಡೆ.

ಪ್ರತಿ ಮಂಗಳವಾರ ಹಾಸನದಿಂದ ಲೇಡಿ ಡಾಕ್ಟರು ಬಸ್ಸಿನಲ್ಲಿ ಬರುತ್ತಾರೆ. ನೋಡಲು ಬಸುರಿಯರೇ ಇಲ್ಲ. ಊರಲ್ಲಿ ಮಕ್ಕಳು ಹುಟ್ಟುವುದೇ ನಿಂತಿತೇ? ಅದೂ ಇಲ್ಲ! ಹೀಗೇ ಆದರೆ ಡಾಕ್ಟರನ್ನು ಬೇರೆ ಊರಿಗೆ ಹಾಕುತ್ತೇವೆಂದು ಮೇಲಿನಿಂದ ಕಾಗದ ಬಂತು.

ಮೀಟಿಂಗ್ ಸೇರಿದೆವು. ಹೆಲ್ತ್ ಇನ್‌ಸ್ಪೆಕ್ಟರು ಟಾಂ ಟಾಂ ಹೊಡೆಸೋಣ ಎಂದರು. ಕಾಂಪೌಂಡರು ಪುಕ್ಕಟೆ ಹಾಲಿನ ಪುಡಿ ಹಂಚೋಣ ಎಂದರು. ನಾನು ಹ್ಯಾಂಡ್‌ಬಿಲ್ ಎಂದೆ. (ಅದನ್ನು ಓದುವವರು ಯಾರು ಎಂದು ಯಾರೂ ಕೇಳಲಿಲ್ಲ.) ಟಾಂ ಟಾಂ ಗೆಲ್ಲುವುದರಲ್ಲಿತ್ತು.

ಅಷ್ಟರಲ್ಲಿ ಡಾಕ್ಟರು, ಗೋಡೆಗೆ ಒರಗಿ ನಿಂತಿದ್ದ ಆಯಾ ಕೆಂಪಮ್ಮನ ಕಡೆ ತಿರುಗಿ, "ನೀವೇನಂತೀರಿ ಕೆಂಪಮ್ಮ?" ಎಂದರು. ಹನ್ನೆರಡು ವರ್ಷದ ಸರ್ವಿಸಿನಲ್ಲಿ ಆಕೆಗೆ ಬಂದ ಮೊದಲ ಪ್ರಶ್ನೆ ಅದು.

"ಬ್ಯಾಸ್ರ ಮಾಡ್ಕಬ್ಯಾಡಿ ಅಮ್ಮಾವ್ರೆ. ಈ ಸಾಹೇಬ್ರು ಬಾಗ್ಲಲ್ಲೇ ಕುಂತ್ಕಂಡು ಗಂಡನ ಎಸ್ರೇನು ಅಂತ ಜೋರಾಗಿ ಕೇಳ್ತಾರೆ. ಯಾವ ಎಂಗ್ಸು ಬಾಯ್ಬುಟ್ಟು ಏಳ್ತಾಳೆ? ನಾಚ್ಕಂಡು ಅಂಗೇ ಒಂಟೋಯ್ತಾರೆ. ನಮ್ ಬೀದಿ ಲಕ್ಕಮ್ಮಂಗೆ ಕಾಲು ಊದ್ಕಂಡದೆ. ಬಾಗ್ಲುಗಂಟ ಬಂದು ವಾಪಸ್ ಓದ್ಲು."

ಎಲ್ಲರೂ ನನ್ನನ್ನು ನೋಡಿದರು. ನಾನು ರಿಜಿಸ್ಟರ್ ನೋಡಿದೆ. "ಆ ಕಾಲಂ ತುಂಬಲೇಬೇಕಲ್ಲಮ್ಮ, ರೂಲ್ಸು!" ಎಂದೆ.

"ಪಕ್ಕದೋಳು ಏಳ್ಲಿ ಬುಡಿ ಸಾ. ಇವ್ಳ ಗಂಡನ ಎಸ್ರು ಅವ್ಳು ಏಳ್ತಾಳೆ, ಅವ್ಳ ಗಂಡಂದು ಇವ್ಳು."

ಹೋದ ಮಂಗಳವಾರ ಮೇಜು ಒಳಗೆ ಹೋಯಿತು, ಬಾಗಿಲಲ್ಲಿ ಕೆಂಪಮ್ಮ ನಿಂತಳು. ಹಿಂದಿನ ದಿನವೇ ಬೀದಿ ಬೀದಿ ತಿರುಗಿ ಹೇಳಿ ಬಂದಿದ್ದಳು. ಹದಿನಾರು ಜನ ಬಂದರು! ಒಬ್ಬಳ ಗಂಡನ ಹೆಸರನ್ನು ಇನ್ನೊಬ್ಬಳು, ಅಡ್ಡಹೆಸರನ್ನೂ ಸೇರಿಸಿ, ಕೂಗಿ ಹೇಳುತ್ತಿದ್ದಳು. ನಗುವೋ ನಗು!

ಲಕ್ಕಮ್ಮನೂ ಬಂದಿದ್ದಳು. ಅವಳ ಬಿ.ಪಿ. ನೋಡಿದ ಡಾಕ್ಟರು ಮಾತ್ರ ನಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ತಮ್ಮ ಜೊತೆಯಲ್ಲೇ ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಗುರುವಾರ ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ. ನಾವು ಟಾಂ ಟಾಂ ಹೊಡೆಸುತ್ತಾ ಕೂತಿದ್ದರೆ ಏನಾಗುತ್ತಿತ್ತು?

ಇದನ್ನೆಲ್ಲ ಮನೆಯಲ್ಲಿ ಹೇಳಿ, "ನನಗೇಕೆ ಹೊಳೆಯಲಿಲ್ಲವೋ!" ಎಂದು ಆಶ್ಚರ್ಯಪಟ್ಟೆ.

ನನ್ನ ಹೆಂಡತಿ ತಲೆಯೆತ್ತದೆ ಕೇಳಿದಳು: "ಮದುವೆಯಾಗಿ ಒಂಬತ್ತು ವರ್ಷ ಆಯ್ತಲ್ಲ, ನನ್ನ ಬಾಯಲ್ಲಿ ನಿಮ್ಮ ಹೆಸರು ಯಾವತ್ತಾದ್ರೂ ಕೇಳಿದೀರಾ?"