ಮಾವನ ರೇಡಿಯೋ ಹಿಡಿದು ನಿಂತವಳು

ನಮ್ಮ ಮಾವನ ರೇಡಿಯೋಕ್ಕೆ ನಾನೇ ಕಂಬ. ಮದುವೆಯಾಗಿ ಕುಂದಾಪುರದ ಕಡಲ ಬದಿಯ ಆ ಮನೆಗೆ ಬಂದ ವರ್ಷವೇ ಈ ಕೆಲಸ ನನ್ನ ಕೊರಳಿಗೆ ಬಿತ್ತು. ಬಲೆ ಎಳೆದೆಳೆದು ಅವರ ಭುಜ ಹೋಗಿತ್ತು, ನಾಲಿಗೆ ಮಾತ್ರ ಗಟ್ಟಿ ಇತ್ತು. ಮನೆಯೊಳಗೆ ಟ್ಯೂಬ್‌ಲೈಟಿನ ಗೊರಗೊರ ಅಡ್ಡ ಬರುತ್ತದೆಂದು ಊಟ ಮುಗಿದ ಮೇಲೆ ನಾನು ಅಂಗಳದಲ್ಲಿ ರೇಡಿಯೋ ಎತ್ತಿ ಹಿಡಿದು ನಿಲ್ಲಬೇಕು. ಅವರು ಜಗಲಿಯಲ್ಲಿ ಒರಗಿಕೊಂಡು "ಪಡು ಬದಿ ತಿರ್ಗ್ಸ್", "ಸಾಕ್" ಎನ್ನುತ್ತಿದ್ದರು.

ದೋಣಿಯಲ್ಲಿ ಕಲಿತ ವಿದ್ಯೆ ಅದು. ದಡ ಕಾಣದಿದ್ದಾಗ ರೇಡಿಯೋ ತಿರುಗಿಸಿ, ಮಂಗಳೂರಿನ ದನಿ ಯಾವ ಮುಖಕ್ಕೆ ಸಾಯುತ್ತದೆ ಎಂದು ನೋಡಿ ಊರಿನ ದಿಕ್ಕು ಹಿಡಿಯುತ್ತಿದ್ದರಂತೆ; ರೇಡಿಯೋದ ತುದಿ ನೇರ ಸ್ಟೇಷನ್ನಿನ ಕಡೆ ತಿರುಗಿದಾಗ ದನಿ ಅಡಗುತ್ತದಂತೆ. ಮುದುಕರಾದ ಮೇಲೆ ಹತ್ತಿರದ್ದೆಲ್ಲ ಅವರಿಗೆ ಸಪ್ಪೆ. ಕೊಲಂಬೊ ಸಿಕ್ಕಿದರೂ ಮೂಗು ಮುರಿಯುತ್ತಿದ್ದರು. ದೂರದ ಸ್ಟೇಷನ್ ತನ್ನ ಹೆಸರು ಹೇಳುವುದನ್ನು ಕೇಳಿ, ಮರುದಿನ ಮೀನು ಮಾರ್ಕೆಟ್ಟಿನಲ್ಲಿ ಕೊಚ್ಚಿಕೊಂಡರೇ ಅನ್ನ ಇಳಿಯುವುದು.

ಒಂದು ಮಳೆಗಾಲ ಮುಗಿಯುತ್ತಲೇ ಯಾವುದೋ ಅರಬ್ಬಿ ಸ್ಟೇಷನ್ ಅವರ ತಲೆ ಕೆಡಿಸಿತು. ಹಾಡು ಕೇಳುತ್ತಿತ್ತು, ಹೆಸರು ಹೇಳುವ ಹೊತ್ತಿಗೆ ಮುಳುಗುತ್ತಿತ್ತು. ಅದೇ ವಾರ ಗುಲ್ವಾಡಿಯಲ್ಲಿ ನನ್ನ ಅಮ್ಮ ಹಾಸಿಗೆ ಹಿಡಿದಳು.

"ಅಬ್ಬಿಗ್ ಹುಶಾರಿಲ್ಲೆ ಅಂಬ್ರ್. ಹೋಯ್ ಬತ್ತೆ ಮಾವ," ಎಂದೆ.

"ರೇಡಿಯೋ ಹಿಡುಕೆ ಯಾರಿದ್ರ್? ಹೆಸ್ರ್ ಗೊತ್ತಾಯ್ಲಿ, ಮತ್ತ್ ಹೋಗ್."

ಗಂಡ ಮುಂಬೈಯ ಹೋಟೆಲಿನಲ್ಲಿದ್ದರು. ನನ್ನ ಪರ ಮಾತಾಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ದಿನಾ ನಿಂತೆ, ಕೈ ಸೋತರೂ ನಿಂತೆ. ಕೊನೆಗೊಂದು ರಾತ್ರಿ ಹೆಸರು ಬಂತು: ಕುವೈತ್. ಮಾವ ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ನಾನು ಗುಲ್ವಾಡಿ ಮುಟ್ಟುವಾಗ ಅಮ್ಮನನ್ನು ಚಾಪೆಯ ಮೇಲೆ ಇಳಿಸಿ ಆಗಿತ್ತು. ಬಾಯಿಗೆ ನೀರು ಬಿಟ್ಟವಳು ಪಕ್ಕದ ಮನೆಯವಳು.

ಕೆಲವು ವರ್ಷಗಳಲ್ಲಿ ಮಾವನ ಕಿವಿ ಹೋಯಿತು. ಹತ್ತಿರ ಹೋಗಿ ಕೂಗಿದರೆ ಮಾತ್ರ ಕೇಳುತ್ತಿತ್ತು. ಆದರೂ ರೇಡಿಯೋದ ಹುಚ್ಚು ಬಿಡಲಿಲ್ಲ. ಈಗ ಟ್ಯೂಬ್‌ಲೈಟು ಆರಿಸಿ, ಅದನ್ನು ಅವರ ಮಂಚದ ಹತ್ತಿರವೇ ಇಟ್ಟು, ನಾನು ಕೇಳಿ ಹೆಸರು ಹೇಳಬೇಕಿತ್ತು. ಅಷ್ಟು ವರ್ಷ ಹಿಡಿದು ನಿಂತವಳಿಗೆ ಯಾವ ದನಿ ಎಲ್ಲಿಯದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ಯಾವ್ದ್ ಸ್ಟೇಷನ್ ಹೆಣೆ?" ಎಂದು ಮಾವ ನನ್ನತ್ತ ತಿರುಗಿದರು.

ಕುವೈತ್ ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳುತ್ತಿತ್ತು.

"ಮಂಗ್ಳೂರ್, ಮಾವ," ಎಂದು ಅವರ ಕಿವಿಯಲ್ಲಿ ಕೂಗಿದೆ.

"ದೂರದ್ದ್ ಎಂತದೂ ಇಲ್ಯಾ?"

"ಎಂತದೂ ಇಲ್ಲೆ."

ಅವರು ಸಾಯುವ ತನಕ ಅದನ್ನೇ ಹೇಳಿದೆ. ಪಾಪ ಅನಿಸಲಿಲ್ಲ, ಇವತ್ತಿಗೂ ಅನಿಸುವುದಿಲ್ಲ. ಅವರು ಮುಖ ಬಾಡಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ ಮೇಲೆ, ಅವರ ತಲೆದಿಂಬಿನ ಬದಿಯಲ್ಲೇ ಕೂತು ಕುವೈತಿನ ಹಾಡು ಪೂರ್ತಿ ಕೇಳುತ್ತಿದ್ದೆ.