ತಾವರಗೇರಾಕ್ಕೆ ಚರ್ಚೆ ಮಾಡಿಸಲು ಹೋದದ್ದು

ಶುಕ್ರವಾರ ಬೆಳಿಗ್ಗೆ ಕೊಪ್ಪಳದಲ್ಲಿ ಕುಷ್ಟಗಿ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಒಂದು ಕಟ್ಟು ಬಿಳಿ ಹಾಳೆ, ನಾಲ್ಕಾರು ಕತ್ತರಿ, ಒಂದು ನೀರಿನ ಬಾಟಲಿ ಇದ್ದವು. ಪಕ್ಕದಲ್ಲಿ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರು ವೀರಣ್ಣ ಸರ್ ಕೂತಿದ್ದರು. ನನಗಿದ್ದ ಹೆದರಿಕೆ ಅವರದೇ. ಕಂಡಕ್ಟರ್ ನನಗೆ ಹೆಂಗಸರ ಶೂನ್ಯ ಟಿಕೆಟ್ಟನ್ನೂ ಅವರಿಗೆ ದುಡ್ಡಿನ ಟಿಕೆಟ್ಟನ್ನೂ ಹರಿದು ಕೊಟ್ಟ. ಅವರು ತಮ್ಮದನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟು ಕಣ್ಣು ಮುಚ್ಚಿದರು.

ನಾನು ಗಣಿತ, ವಿಜ್ಞಾನ ಕಲಿಸುವವಳು. ಕೆಲವು ಕಾಲದಿಂದ ತರಗತಿಯಲ್ಲಿ ಉತ್ತರವನ್ನು ನಾನೇ ಮೊದಲು ಹೇಳುವುದನ್ನು ಬಿಟ್ಟಿದ್ದೇನೆ. ಪ್ರಶ್ನೆ ಇಟ್ಟು ಮಕ್ಕಳನ್ನೇ ಮಾತಿಗೆ ಹಚ್ಚುತ್ತೇನೆ. ಅವರು ಜಗಳಾಡುತ್ತಾರೆ, ತಪ್ಪು ಹೇಳುತ್ತಾರೆ, ಬೋರ್ಡಿಗೆ ಓಡಿ ಬರುತ್ತಾರೆ. ಗದ್ದಲಕ್ಕೆ ಪಕ್ಕದ ಕೋಣೆಯವರು ಗೋಡೆ ಬಡಿಯುತ್ತಾರೆ. ಇದು ಸಾಲಿಯೋ ಸಂತಿಯೋ ಎಂದು ವೀರಣ್ಣ ಸರ್ ಎಷ್ಟೋ ಸಲ ಕೇಳಿದ್ದರು. ಅಷ್ಟರಲ್ಲಿ ತಾವರಗೇರಾದ ಕಡೆಯ ಶಿಕ್ಷಕರು ಒಂದು ಸಭೆ ಇಟ್ಟುಕೊಂಡು, ಯಾವ ವಿಷಯವನ್ನಾದರೂ ಚರ್ಚೆಯಿಂದ ಕಲಿಸಬಹುದೆಂದು ಮಾಡಿ ತೋರಿಸಿ ಎಂದು ನನ್ನನ್ನು ಕರೆದರು. ಸರ್ ತಾವೂ ಬರುವುದಾಗಿ ಹೇಳಿದರು. ನೋಡಿ ಮನಸ್ಸಿಗೆ ಬಂದರೆ ನನ್ನ ದಾರಿ ನನಗೆ. ಬರದಿದ್ದರೆ ಸೋಮವಾರದಿಂದ ಎಲ್ಲರಂತೆ ಬೋರ್ಡು, ಸೀಮೆಸುಣ್ಣ, ನೋಟ್ಸು.

ಕುಷ್ಟಗಿಯಲ್ಲಿ ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದೆವು. ಸರ್ ನಿಧಾನವಾಗಿ, ರುಚಿ ನೋಡುತ್ತ ತಿಂದರು. ನಾನು ಮಂಡಕ್ಕಿ ಕೆದಕುತ್ತ ಕೂತೆ. ಹೊರ ಊರಿನ ಮಕ್ಕಳು, ಗುರುತಿಲ್ಲದ ಟೀಚರು, ಹಿಂದೆ ಸಾಲಾಗಿ ಕೂತ ಮಾಸ್ತರುಗಳು. ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡರೆ ಮಾಡುವುದೇನು? ಅದೇ ಹೆದರಿಕೆಯಿಂದ ವಾರದ ಹಿಂದೆಯೇ ಸಭೆ ನಡೆಯುವ ಶಾಲೆಯ ಟೀಚರಿಗೆ ನನ್ನ ಎರಡೂ ಪ್ರಶ್ನೆಗಳನ್ನು ಮೊಬೈಲಿನಲ್ಲಿ ಕಳಿಸಿದ್ದೆ. ಬೆಳಗಿನದು ವಿಜ್ಞಾನ, ಮಧ್ಯಾಹ್ನದ್ದು ಗಣಿತ. ಜಾಣತನ ಮಾಡಿದೆ ಅಂದುಕೊಂಡಿದ್ದೆ.

ತಾವರಗೇರಾದ ಬಸ್ಸಿನಲ್ಲಿ ನಿಂತೇ ಹೋದೆವು. ಬಿಸಿಲು ಏರಿತ್ತು. ತೊಗರಿ ಹಳದಿ ಹೂ ಬಿಟ್ಟಿತ್ತು; ದಿಬ್ಬಗಳ ಮೇಲೆ ಕರೆಂಟಿನ ಗಾಳಿ ಫ್ಯಾನುಗಳು ತಿರುಗಿಯೂ ತಿರುಗದಂತೆ ತಿರುಗುತ್ತಿದ್ದವು. ತಾವರಗೇರಾದಿಂದ ಟಂಟಂ ಆಟೋ ಹಿಡಿದು ಶಾಲೆಯಿದ್ದ ಹಳ್ಳಿಗೆ ಹೋದೆವು. ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆದರೆ ಶಂಕ್ರಮ್ಮ ಟೀಚರ್ ಮತ್ತೆ ನನ್ನ ಮುಖ ನೋಡಲಿಕ್ಕಿಲ್ಲ.

ಶಂಕ್ರಮ್ಮ ಟೀಚರ್ ಆ ಶಾಲೆಯಲ್ಲಿ ಕನ್ನಡ ಕಲಿಸುವವರು, ಅಂದಿನ ಏರ್ಪಾಡೆಲ್ಲ ಅವರದೇ; ನಾನು ಪ್ರಶ್ನೆ ಕಳಿಸಿದ್ದೂ ಅವರಿಗೇ. ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿಸಿದ್ದರು. ಎಂಟನೆಯ ತರಗತಿಯ ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಕೈಕಟ್ಟಿ ಕೂತಿದ್ದರು. ಹಿಂದೆ ಸುತ್ತಲಿನ ಶಾಲೆಗಳ ಶಿಕ್ಷಕರು, ಅವರ ನಡುವೆ ವೀರಣ್ಣ ಸರ್. ನಾನು ಪ್ರಶ್ನೆ ಕೇಳಿದೆ: ತೊಯ್ದ ಅರಿವೆ ಒಣಗುವುದು ಬಿಸಿಲಿಗೋ, ಗಾಳಿಗೋ?

ಒಬ್ಬ ಹುಡುಗ ತಟ್ಟನೆ ಎದ್ದು, "ನನ್ನ ಅಭಿಪ್ರಾಯದಲ್ಲಿ ಬಿಸಿಲಿಗೆ ಒಣಗುತ್ತದೆ" ಅಂದ. ಅವನು ಕೂರುತ್ತಲೇ ಇನ್ನೊಬ್ಬಳು ಎದ್ದು ಗಾಳಿಯ ಪರ ಮಾತಾಡಿದಳು. ಪುಸ್ತಕದ ಮಾತು, ಒಂದು ಅಕ್ಷರ ಹಿಂದೆ ಮುಂದೆ ಇಲ್ಲ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಮೂರನೆಯವನು ಮಂಜುನಾಥ. ಎದ್ದ, ಬಾಯಿ ತೆರೆದ, ಮಾತು ಮರೆತು ಹಾಗೇ ಕೂತುಬಿಟ್ಟ. ಅವನು ಕೂತದ್ದೇ ತಡ, ಹುಲಿಗೆಮ್ಮ ಎಂಬ ಹುಡುಗಿ ಎದ್ದು ನಿಂತು, "ಮಂಜುನಾಥ ಹೇಳಿದ್ದನ್ನು ನಾನು ಒಪ್ಪುವುದಿಲ್ಲ" ಅಂದಳು.

ಮಂಜುನಾಥ ಏನೂ ಹೇಳಿರಲಿಲ್ಲ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆದರೂ ಆಟ ನಡೆಯಿತು. ಕೊನೆಗೆ ಒಬ್ಬಳು ಎದ್ದು ತನ್ನ ಅಭಿಪ್ರಾಯ ಬದಲಾಯಿತೆಂದು ಸಾರಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ವೀರಣ್ಣ ಸರ್ ಕೂಡ ತಟ್ಟಿದರು. ಅವರು ನನ್ನ ಪಾಠಕ್ಕೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

"ಟೀಚರ್, ಇದು ಚರ್ಚಾ" ಅಂದರು ಹೊರಗೆ ಬಂದು. "ಒಬ್ರು ಮಾತಾಡಿದ್ರ ಉಳಿದವ್ರು ಕೈಕಟ್ಟಿ ಕುಂತಿದ್ರು. ನಮ್ಮ ಸಾಲ್ಯಾಗೂ ಹಿಂಗ ಮಾಡೂದಾದ್ರ ನಂದೇನೂ ತಕರಾರಿಲ್ಲ ನೋಡ್ರಿ."

ನಾನು ಬೇಡಿದ್ದು ಸಿಕ್ಕಿತ್ತು. ಸಿಕ್ಕಿದ್ದು ನಾನು ಬೇಡಿದ್ದಲ್ಲ. ಸುಮ್ಮನಿದ್ದರೆ ಸೋಮವಾರದಿಂದ ನನ್ನ ಕೋಣೆಯಲ್ಲೂ ಮಂಜುನಾಥ ಹೇಳದ ಮಾತನ್ನು ಹುಲಿಗೆಮ್ಮ ಒಪ್ಪದೆ ಇರಬೇಕು. ಬಾಯಿ ಬಿಟ್ಟರೆ ಇದೂ ಇಲ್ಲ, ಶಂಕ್ರಮ್ಮ ಟೀಚರ್ ಮರ್ಯಾದೆಯೂ ಇಲ್ಲ.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಶಂಕ್ರಮ್ಮ ಟೀಚರ್ ನನ್ನ ತಟ್ಟೆಗೆ ಮೊಸರು ಬಡಿಸುತ್ತ ಪಕ್ಕದಲ್ಲೇ ಕೂತರು. ಅವರ ಮುಖವೂ ಬಾಡಿತ್ತು.

"ನಿಮಗ ಗೊತ್ತಾತಲ್ರಿ" ಅಂದರು ಮೆಲ್ಲಗೆ. "ನೀವು ಪ್ರಶ್ನಿ ಕಳಿಸಿದ್ರಿ. ನಾನು ಸಾಲಿ ಗ್ಯಾದರಿಂಗ್ ನಾಟಕಕ್ಕ ಕಲಿಸಿದಂಗ ಕಲಿಸಿಬಿಟ್ಟೆ. ಹೊರಗಿನವ್ರು ಬಂದಾಗ ನಮ್ಮ ಹುಡುಗ್ರು ಸುಮ್ಮ ಕುಂತ್ರ ಹೆಂಗ್ರಿ?"

ಅವರನ್ನು ಏನೆನ್ನಲಿ? ನಮ್ಮ ಕಡೆ ಶಾಲೆಗೆ ಯಾರಾದರೂ ಬರುತ್ತಾರೆಂದರೆ ಮನೆಗೆ ಬೀಗರು ಬಂದಂತೆ. ಗೋಡೆ ಸಾರಿಸುವವರು ಮಕ್ಕಳ ಬಾಯನ್ನೂ ಸಾರಿಸಿಡುತ್ತಾರೆ. ಅವರ ಹೆದರಿಕೆ, ನನ್ನ ಹೆದರಿಕೆ ಒಂದೇ. ಪ್ರಶ್ನೆ ಕಳಿಸಿದವಳು ನಾನೇ ಅಲ್ಲವೇ. ಮಧ್ಯಾಹ್ನದ ಗಣಿತವೂ ತಯಾರಾಗಿದೆ ಎಂದು ಅವರು ಹೇಳಿದಾಗ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟೆ. ಕೈ ತೊಳೆಯುವವರೆಗೂ ಏನೂ ತೀರ್ಮಾನಿಸಿರಲಿಲ್ಲ. ತರಗತಿಗೆ ಹೋಗಿ ಮಕ್ಕಳೆಲ್ಲ ತಮ್ಮ ತಮ್ಮ ಮಾತನ್ನು ತುಟಿಯಲ್ಲಿ ಗುನುಗುತ್ತಿರುವುದನ್ನು ಕಂಡಾಗ ಮಾತ್ರ ಸಹಿಸಲಾಗಲಿಲ್ಲ. ಕಳಿಸಿದ ಪ್ರಶ್ನೆಯನ್ನು ಬಿಟ್ಟೆ. ಒಂದೇ ಅಳತೆಯ ಎರಡು ಹಾಳೆ ತೆಗೆದು ಒಂದನ್ನು ನಟ್ಟನಡುವೆ ನೇರ ಕತ್ತರಿಸಿದೆ, ಇನ್ನೊಂದನ್ನು ಮೂಲೆಯಿಂದ ಮೂಲೆಗೆ. ನೇರದ ಒಂದು ತುಂಡು, ಮೂಲೆಯ ಒಂದು ತುಂಡು ಎತ್ತಿ ಹಿಡಿದು, ಇವು ಎರಡು ಹೊಲವಾದರೆ ಯಾವುದು ದೊಡ್ಡದು ಎಂದು ಕೇಳಿದೆ.

ಯಾರೂ ಮಿಸುಕಲಿಲ್ಲ. ಹುಲಿಗೆಮ್ಮ ಶಂಕ್ರಮ್ಮ ಟೀಚರ್ ಕಡೆ ತಿರುಗಿ ನೋಡಿ, ಆಮೇಲೆ ನನ್ನನ್ನು ಕೇಳಿದಳು: "ಮೊದ್ಲು ಯಾರು ಏಳಬೇಕ್ರಿ?"

ಯಾರಿಗೆ ಏನನಿಸುತ್ತದೋ ಅವರು ಏಳಬಹುದು ಅಂದೆ. ಯಾರಿಗೂ ಏನೂ ಅನಿಸಲಿಲ್ಲ. ಹಿಂದಿನವರ ಪೆನ್ನುಗಳು ನಿಂತವು. ವೀರಣ್ಣ ಸರ್ ಕಿಟಕಿಯ ಹೊರಗೆ ನೋಡತೊಡಗಿದರು. ಉತ್ತರ ಹೇಳಿಬಿಡು, ಬಸ್ಸು ಹಿಡಿ, ನೋಟ್ಸು ಬರೆಸಿಕೊಂಡು ಸುಖವಾಗಿರು ಎಂದಿತು ಮನಸ್ಸು.

ಆಗ ಹಿಂದಿನ ಬೆಂಚಿನಿಂದ ಶಂಕ್ರಮ್ಮ ಟೀಚರ್ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. "ನನಗ ಖರೇನ ಗೊತ್ತಿಲ್ರಿ" ಅಂದರು. "ಆದ್ರ ಮೂಲಿ ತುಂಡ ದೊಡ್ಡದು ಅನಸ್ತೈತಿ. ಭಾಳ ಉದ್ದ ಐತಿ."

ಮಕ್ಕಳು ಬೆರಗಾಗಿ ತಿರುಗಿದರು. ತಮ್ಮ ಟೀಚರು ಗೊತ್ತಿಲ್ಲ ಅಂದದ್ದನ್ನು ಅವರು ಎಂದೂ ಕೇಳಿರಲಿಲ್ಲವೇನೋ. ಬೆಳಿಗ್ಗೆ ಮಾತು ಮರೆತಿದ್ದ ಮಂಜುನಾಥ ಎದ್ದ. "ಇಲ್ರಿ ಟೀಚರ್, ಉದ್ದ ಇದ್ರೇನಾತ್ರಿ, ತುದಿಗೆ ಸಣ್ಣ ಆಗೇತಲ್ರಿ" ಅಂದ. ಇನ್ನೊಬ್ಬಳು ಶಂಕ್ರಮ್ಮ ಟೀಚರ್ ಪರ ನಿಂತಳು. ಕತ್ತರಿಗಾಗಿ ಎಳೆದಾಟವಾಯಿತು. ಒಂದರ ಮೇಲೊಂದು ಇಟ್ಟರು, ಹೊರಗೆ ಚಾಚಿದ ತುದಿಯನ್ನು ಕತ್ತರಿಸಿ ಖಾಲಿ ಜಾಗಕ್ಕೆ ಹಚ್ಚಿದರು. ಸರಿಯಾಗಿ ಕೂತಿತು. ಎರಡೂ ಸಮ. ಮುಗಿಯಿತು ಅಂದುಕೊಂಡೆ, ಹುಲಿಗೆಮ್ಮ ಬಿಡಲಿಲ್ಲ. "ಅಳತಿ ಸಮ ಇರ್‍ಲಿರಿ. ಮೂಲಿ ಹೊಲದಾಗ ಕೂರಿಗಿ ಹೊಳ್ಳಂಗಿಲ್ಲ. ನಮ್ಮಪ್ಪ ಅದನ್ನ ತಗೊಳ್ಳಂಗಿಲ್ರಿ." ಬಿತ್ತುವ ಕೂರಿಗೆ ಆ ಚೂಪು ಮೂಲೆಯಲ್ಲಿ ತಿರುಗುತ್ತದೆಯೋ ಇಲ್ಲವೋ ಎಂಬುದರ ಮೇಲೆ ಮತ್ತೆ ಜಗಳ ಹತ್ತಿತು. ಪಕ್ಕದ ಕೋಣೆಯ ಮಾಸ್ತರು ಏನಾಯಿತೆಂದು ಬಾಗಿಲಿಗೆ ಓಡಿ ಬಂದರು. ನನಗೆ ಕುಣಿಯುವಷ್ಟು ಖುಷಿ. ಆದರೆ ವೀರಣ್ಣ ಸರ್ ಕೂತ ಜಾಗ ನೋಡಿದರೆ ಖಾಲಿ.

ಅವರು ಗೇಟಿನ ಹತ್ತಿರ ಟಂಟಂ ನಿಲ್ಲಿಸಿಕೊಂಡು ಕಾಯುತ್ತಿದ್ದರು. ತಾವರಗೇರಾದಲ್ಲಿ ಒಂದು ಬಸ್ಸು, ಕುಷ್ಟಗಿಯಲ್ಲಿ ಇನ್ನೊಂದು. ಹೊತ್ತು ಇಳಿದಿತ್ತು. ಕೊಪ್ಪಳದ ಬಸ್ಸಿನಲ್ಲಿ ಟಿಕೆಟ್ ತಗೊಂಡ ಮೇಲೆ, ನಿಮ್ಮದು ಕೊಡ್ರಿ ಎಂದು ಕೈ ಚಾಚಿದರು. ಯಾಕೆಂದು ಕೇಳುವ ಧೈರ್ಯ ಬರಲಿಲ್ಲ, ಕೊಟ್ಟೆ. ನನ್ನದನ್ನು ನಡುವೆ ಹರಿದರು, ತಮ್ಮದನ್ನು ಮೂಲೆಯಿಂದ ಮೂಲೆಗೆ. ತಪಾಸಣೆಯವರು ಹತ್ತಿದರೆ ಗತಿಯೇನೆಂದು ನಾನು ಬಾಗಿಲ ಕಡೆ ಕಣ್ಣಿಟ್ಟೆ. ಸರ್ ಚೀಲವನ್ನು ತೊಡೆಯ ಮೇಲಿಟ್ಟು, ಬಸ್ಸಿನ ಕುಲುಕಾಟದಲ್ಲಿ ಒಂದು ತುಂಡಿನ ಮೇಲೆ ಇನ್ನೊಂದನ್ನು ಇಡುತ್ತ, ಜಾರಿದರೆ ಮತ್ತೆ ಇಡುತ್ತ ಕೂತರು. ಕೊನೆಗೆ ಚಾಚಿದ ತುದಿಯನ್ನು ಉಗುರಿನಿಂದ ಕತ್ತರಿಸಿ ಖಾಲಿ ಜಾಗಕ್ಕೆ ಹಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು.

"ನನಗೂ ಮೂಲಿ ತುಂಡ ದೊಡ್ಡದು ಅನಿಸಿತ್ರಿ" ಅಂದರು. "ಕೈ ಎತ್ತಬೇಕಂದೆ. ಎತ್ತಲಿಲ್ಲ. ಎದ್ದು ಹೊರಗ ಬಂದೆ."

ಆಮೇಲೆ, ಸೋಮವಾರ ನನ್ನ ಗಣಿತ ಯಾವ ಪಿರಿಯಡ್ ಎಂದು ಕೇಳಿದರು. ಎರಡನೆಯದು ಅಂದೆ.

"ನಾನೂ ಬಂದು ಹಿಂದ ಕುಂದರತೀನಿ. ಪ್ರಶ್ನಿ ಮಾತ್ರ ಮೊದ್ಲ ಹೇಳಬ್ಯಾಡ್ರಿ ನನಗ."

ಟಿಕೆಟ್ಟಿನ ಚೂರುಗಳನ್ನು ಒಂದೂ ಬಿಡದೆ ಆರಿಸಿ ನನ್ನ ಅಂಗೈಗೆ ಹಾಕಿದರು. ಕೊಪ್ಪಳದ ದೀಪಗಳು ಕಾಣುವವರೆಗೂ ನಾನು ಆ ಮುಷ್ಟಿ ಬಿಚ್ಚಲಿಲ್ಲ.